ಪದಚರ್ಚೆ: ಇಂಜಿನ್ ಕಾದಿತೋ, ಕುದಿಯಿತೋ? ಕೂಲಂಟ್ ಸೋರಿತೋ, ಇಂಗಿತೋ?

ಗೆಳೆಯರೇ,

ಕಾರಿನ ಇಂಜಿನ್ ಜಾಸ್ತಿ ಬಿಸಿಯಾದರೆ ಮನೆಯಲ್ಲೇ ಏನೇನು ನೋಡಬಹುದು ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಬಾನೆಟ್ ಎತ್ತಿ ಅಭ್ಯಾಸ ಇಲ್ಲದವರು. ಪದ ಆಚೀಚೆಯಾದರೆ ಕೈ ಸುಟ್ಟುಕೊಳ್ಳುತ್ತಾರೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ಓವರ್‌ಹೀಟ್. ಗ್ಯಾರೇಜಿನಲ್ಲಿ ‘ಗಾಡಿ ಹೀಟ್ ಆಗ್ತಿದೆ’ ಅಂತಾರೆ, ಸರಿ. ಆದರೆ ಬರೆಯುವಾಗ ಕೆಲವರು ‘ಇಂಜಿನ್ ಕುದಿಯುತ್ತಿದೆ’ ಅನ್ನುತ್ತಾರಲ್ಲ, ಅದು ನನಗೆ ಒಪ್ಪುವುದಿಲ್ಲ. ಗಾಡಿ ಚೆನ್ನಾಗಿರುವಾಗಲೂ ಒಳಗೆ ಸುತ್ತುತ್ತಾ ಇಂಜಿನ್ ತಂಪು ಮಾಡುವ ನೀರು (ಕೂಲಂಟ್) 90 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಆ ನೀರನ್ನು ತಣಿಸುವ ರೇಡಿಯೇಟರ್‌ನ ಮುಚ್ಚಳ ಸುಮಾರು ಒಂದು ಬಾರ್‌ನಷ್ಟು (ಅಂದರೆ ಸುತ್ತಲಿನ ಗಾಳಿಯ ಒತ್ತಡದಷ್ಟೇ) ಹೆಚ್ಚಿನ ಒತ್ತಡ ಹಿಡಿದಿಡುವುದರಿಂದ ಬರೀ ನೀರು ತುಂಬಿದ್ದರೂ ಅದು 120 ಡಿಗ್ರಿ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ. ಅಂದರೆ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದಾಗಲೂ ಒಳಗೆ ಕುದಿ ಬಂದಿರಬೇಕು ಅಂತೇನಿಲ್ಲ. ಆಗ ಯಾರೋ ಅವಸರಕ್ಕೆ ಮುಚ್ಚಳ ತಿರುಗಿಸುತ್ತಾರೆ, ಒತ್ತಡ ಇಳಿಯುತ್ತದೆ, ಅದೇ ಗಳಿಗೆಯಲ್ಲಿ ಎಲ್ಲಾ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹಾಗಾಗಿ ಕಾಯುವುದು ಬೇರೆ, ಕುದಿಯುವುದು ಬೇರೆ, ಉಕ್ಕುವುದು ಬೇರೆ. ‘ಇಂಜಿನ್ ವಿಪರೀತ ಕಾದರೆ’ ಅಂತ ಬರೆದೆ. ‘ಯಾರಿಗಾಗಿ ಕಾಯುತ್ತೆ?’ ಅಂತ ಮಗಳು ನಕ್ಕಳು. ‘ಕಾವು ಏರಿದರೆ’ ಅನ್ನಬಹುದೇನೋ. ನಿಮ್ಮ ಕಡೆ ಏನಂತೀರಿ?

ನನಗೆ ಹೆಚ್ಚು ಬೇಕಾಗಿರುವುದು ಲೀಕ್ ಬಗ್ಗೆ. ಎಲ್ಲದಕ್ಕೂ ‘ಸೋರಿಕೆ’ ಅಂತ ಬರೆದು ಮುಗಿಸಬಹುದು, ಆದರೆ ನೀರು ಹೇಗೆ ಹೋಗುತ್ತಿದೆ ಅನ್ನುವುದರ ಮೇಲೇ ರೋಗ ಗೊತ್ತಾಗುವುದು. ಹೋಸ್ ಕ್ಲಿಪ್ ಸಡಿಲಾದರೆ ತೊಟ್ಟಿಕ್ಕುತ್ತದೆ, ಬೆಳಗ್ಗೆ ಗಾಡಿ ಕೆಳಗೆ ರಟ್ಟು ಹಾಸಿ ನೋಡಿದರೆ ಕಲೆ ಸಿಗುತ್ತದೆ. ವಾಟರ್ ಪಂಪಿನ ಸೀಲ್ ಸವೆದರೆ ಅದರ ಕೆಳಗಿನ ಸಣ್ಣ ತೂತಿನಿಂದ ಸುಮ್ನೆ ಒಸರುತ್ತಾ ಇರುತ್ತದೆ. ಎಷ್ಟೋ ಸಲ ನೆಲಕ್ಕೆ ಒಂದು ಹನಿಯೂ ಬೀಳದೆ ಅಲ್ಲೇ ಆರಿ ಬಿಳಿ, ಹಸಿರು ಅಥವಾ ಗುಲಾಬಿ ಪುಡಿಯಾಗಿ ಕಟ್ಟಿಕೊಂಡಿರುತ್ತದೆ. ರೇಡಿಯೇಟರ್ ರೆಕ್ಕೆಗಳ ನಡುವೆ ಕೂದಲೆಳೆ ಬಿರುಕಿದ್ದರೆ ಜಿನುಗುತ್ತದೆ, ಅದೂ ಒತ್ತಡ ಏರಿದ ಮೇಲೆ ಮಾತ್ರ. ಇನ್ನು ಹೊರಗೆ ಎಲ್ಲೂ ಒದ್ದೆಯಿಲ್ಲ, ಆದರೂ ವಾರಕ್ಕೊಮ್ಮೆ ಬಾಟಲಿಗೆ ತುಂಬಿಸಬೇಕು ಅಂದರೆ ಅದನ್ನು ಮೆಕ್ಯಾನಿಕ್‌ಗಳು ‘ಗಾಡಿ ನೀರು ಕುಡೀತಿದೆ’ ಅಂತಾರೆ. ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲ್) ಹೋಗಿರಬಹುದು ಅಂತ ಅರ್ಥ. ಸೈಲೆನ್ಸರ್‌ನಿಂದ ಬಿಡದೆ ಬಿಳಿ ಹೊಗೆ, ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣ, ಇವು ಕಂಡರೆ ಮನೆ ರಿಪೇರಿ ಅಲ್ಲಿಗೆ ನಿಲ್ಲಿಸಬೇಕು. ಓಡಿಸಿಕೊಂಡೇ ಹೋದರೆ ಹೆಡ್ ಬೆಂಡ್ ಆಗುತ್ತದೆ.

ಗಾಡಿ ನೀರು ಕುಡಿಯುವ ಈ ಕೊನೆಯದಕ್ಕೆ ‘ಇಂಗುವುದು’ ಅಂತ ಬಳಸಲೇ? ಕಣ್ಣಿಗೆ ಕಾಣದ ಹಾಗೆ ಒಳಗೇ ಹೋಗುವುದು ತಾನೆ. ಒಸರು, ಜಿನುಗು ಇವೆರಡರ ನಡುವೆ ನಾನು ಮಾಡಿಕೊಂಡ ವ್ಯತ್ಯಾಸ ಎಲ್ಲಾ ಊರಲ್ಲೂ ನಡೆಯುತ್ತದಾ, ಇಲ್ಲ ಅದು ಬರೀ ನನ್ನ ಕಿವಿಯ ಅಭ್ಯಾಸವಾ?

ಕೂಲಂಟ್‌ಗೆ ‘ಶೀತಕ’ ಅಂತ ಪಠ್ಯಪುಸ್ತಕದ ಪದ ಇದೆ. ನಾನು ಕೂಲಂಟ್ ಅಂತಲೇ ಇಡುತ್ತೇನೆ, ಅಂಗಡಿಯಲ್ಲಿ ಶೀತಕ ಕೊಡಿ ಅಂದರೆ ಏನು ಕೊಡುತ್ತಾರೋ! ಆದರೆ ಅಂಗಡಿಯವರದೇ ಇನ್ನೊಂದು ಮಾತಿದೆ, ‘ಕೂಲಂಟ್ ಆಯಿಲ್’. ಅದು ಎಣ್ಣೆಯೇ ಅಲ್ಲ. ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ನೀರು, ಜೊತೆಗೆ ತುಕ್ಕು ತಡೆಯುವ ಒಂದಿಷ್ಟು ರಾಸಾಯನಿಕ. ಹೊಸಬರು ‘ಆಯಿಲ್’ ಅಂತ ಕೇಳಿಸಿಕೊಂಡು ಇಂಜಿನ್ ಆಯಿಲ್ ಹಾಕುವ ಬಾಯಿಗೆ ಸುರಿದರೆ ಕಥೆ ಮುಗಿಯಿತು. ಕೈಪಿಡಿಯಲ್ಲಿ ಈ ಹೆಸರನ್ನು ಕೊಟ್ಟು, ಇದು ಎಣ್ಣೆಯಲ್ಲ ಅಂತ ಎಚ್ಚರಿಸುವುದೇ ವಾಸಿ ಅಲ್ವಾ? ಸಿಹಿಯಾಗಿದ್ದರೂ ವಿಷ, ನಾಯಿ ಬೆಕ್ಕು ನೆಕ್ಕದ ಹಾಗೆ ತೊಳೆಯಿರಿ ಅಂತಲೂ ಸೇರಿಸಿದ್ದೇನೆ.

ರೇಡಿಯೇಟರ್ ಫ್ಯಾನ್ ವಿಷಯದಲ್ಲಿ ಪದದ ತಕರಾರಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಕಾವು ಏರಿ, ಓಡುವಾಗ ಇಳಿದರೆ ಮೊದಲು ಫ್ಯೂಸ್, ರಿಲೇ, ಫ್ಯಾನ್ ನೋಡಿ ಅಂದರೆ ಸಾಕು.

ಥರ್ಮೋಸ್ಟಾಟ್‌ದು ಹಾಗಲ್ಲ. ನೀರು ಸಾಕಷ್ಟು ಬಿಸಿಯಾದ ಮೇಲೆ ಅದನ್ನು ರೇಡಿಯೇಟರ್‌ಗೆ ಬಿಡುವ ಕವಾಟ ಅದು. ‘ಕಚ್ಚಿಕೊಂಡಿದೆ’ ಅಂತಾರೆ, ಆದರೆ ಮುಚ್ಚಿದ ಸ್ಥಿತಿಯಲ್ಲೋ ತೆರೆದ ಸ್ಥಿತಿಯಲ್ಲೋ? ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯಬೇಕಾದದ್ದು ಮುಚ್ಚಿಕೊಂಡೇ ಇದ್ದರೆ ಇಂಜಿನ್ ಸುಡುತ್ತಿದ್ದರೂ ರೇಡಿಯೇಟರ್ ಕೆಳಗಿನ ಹೋಸ್ ತಣ್ಣಗಿರುತ್ತದೆ. ತೆರೆದೇ ಇದ್ದರೆ ಇಂಜಿನ್ ಬಿಸಿಯಾಗಲು ತಡವಾಗುತ್ತದೆ, ಮೈಲೇಜೂ ಇಳಿಯುತ್ತದೆ. ‘ಮುಚ್ಚಿದಲ್ಲೇ ಕಚ್ಚಿದೆ’, ‘ತೆರೆದಲ್ಲೇ ಕಚ್ಚಿದೆ’ ಅಂತ ಬರೆದಿದ್ದೇನೆ. ಓದೋಕೆ ಒರಟಾಗಿದೆ ಅನ್ನಿಸಿದರೆ ಬೇರೆ ಸೂಚಿಸಿ.

ಪೈಪಿನೊಳಗೆ ಗಾಳಿ ಸಿಕ್ಕಿಕೊಂಡು ನೀರಿನ ಓಟ ನಿಲ್ಲುವ ಏರ್‌ಲಾಕ್‌ಗೆ ಪಂಪ್‌ಸೆಟ್ ಮಾತಾದ ‘ಏರ್ ಹಿಡಿದಿದೆ’ಯನ್ನೇ ತೆಗೆದುಕೊಂಡೆ. ಊರಲ್ಲಿ ಮೋಟರ್ ರಿಪೇರಿ ಮಾಡುವವರನ್ನು ಬಲ್ಲವರು ಯಾರಾದರೂ ಇದ್ದರೆ, ಆ ಗಾಳಿ ತೆಗೆಯುವ ಕೆಲಸಕ್ಕೆ ಅವರು ಏನು ಹೇಳುತ್ತಾರೆ ಅಂತ ಕೇಳಿ ತಿಳಿಸುತ್ತೀರಾ?