ಸಹಾಯ ಬೇಕು: ತಪ್ಪಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಅಜ್ಜಿಯ ಹಾಡುಗಳಿವೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಉಬುಂಟುವಿನ ಟರ್ಮಿನಲ್‌ನಲ್ಲಿ ಡಿಸ್ಕಿನ ಹೆಸರನ್ನು ಎಸ್‌ಡಿಸಿ ಎನ್ನುವ ಕಡೆ ಎಸ್‌ಡಿಬಿ ಎಂದು ಬರೆದು, 1 ಟಿಬಿ ಹಾರ್ಡ್‌ಡಿಸ್ಕಿನ ಎನ್‌ಟಿಎಫ್‌ಎಸ್ (ವಿಂಡೋಸಿನ ಕಡತ ವ್ಯವಸ್ಥೆ) ವಿಭಾಗವನ್ನು ಇಎಕ್ಸ್‌ಟಿ4 (ಲಿನಕ್ಸಿನದು) ಆಗಿ ಫಾರ್ಮ್ಯಾಟ್ ಮಾಡಿಬಿಟ್ಟೆ. ತೀರಿಕೊಂಡ ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳು ಅದರಲ್ಲಿವೆ. ಬೇರೆಲ್ಲೂ ಪ್ರತಿ ಇಲ್ಲ. ತಕ್ಷಣ ಡಿಸ್ಕ್ ಕಳಚಿಟ್ಟಿದ್ದೇನೆ, ಮೌಂಟ್ (ಬಳಕೆಗೆ ತೆರೆಯುವುದು) ಕೂಡ ಮಾಡಿಲ್ಲ.

ಡಿಸ್ಕ್ ನಕಲು ಮಾಡುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ ಇನ್ನೊಂದು ಡಿಸ್ಕಿಗೆ ಪೂರ್ತಿ ನಕಲು ತೆಗೆದು, ಆ ನಕಲಿನ ಮೇಲೆ ಮಾತ್ರ ಪ್ರಯತ್ನಿಸುತ್ತೇನೆ. ಕಳೆದುಹೋದ ಕಡತ ಹುಡುಕುವ ಫೋಟೋರೆಕ್ ತಂತ್ರಾಂಶ ಹಾಡುಗಳನ್ನು ಹುಡುಕಿಕೊಟ್ಟರೂ ಕಡತಗಳ ಹೆಸರು ಉಳಿಯುವುದಿಲ್ಲ. ಯಾವ ಪದ ಯಾರ ಮದುವೆಯದು ಎಂಬುದು ಆ ಹೆಸರುಗಳಲ್ಲೇ ಇತ್ತು. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ (ವಿಭಾಗದ ರಚನೆಯ ವಿವರವಿರುವ ಮೊದಲ ತುಣುಕಿನ) ನಕಲನ್ನು ವಿಭಾಗದ ಕೊನೆಯಲ್ಲಿ ಇಟ್ಟಿರುತ್ತದೆ. ಕೆಟ್ಟ ವಿಭಾಗ ಸರಿಪಡಿಸುವ ಟೆಸ್ಟ್‌ಡಿಸ್ಕ್ ತಂತ್ರಾಂಶದ ಮೂಲಕ ಅದನ್ನು ಹಿಡಿದು ಹಳೆಯ ಕಡತಪಟ್ಟಿಯನ್ನು ಹಿಂಪಡೆದವರು ಇದ್ದೀರಾ? ಯಾವ ಹಂತದಲ್ಲಿ ಎಚ್ಚರ ವಹಿಸಬೇಕು, ದಯವಿಟ್ಟು ತಿಳಿಸಿ.