ಹಳೆಯ ಕಾಲೇಜು ಪ್ರಬಂಧಗಳನ್ನು ಆನ್‌ಲೈನ್‌ಗೆ ಹಾಕಿದವರು ಇದ್ದೀರಾ?

ಕೇಳಿದವರು:
ಓದುವಾಗ ಬರೆದ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳು ಹಳೆಯ ಪೆನ್‌ಡ್ರೈವ್‌ನಲ್ಲಿ ಸಿಕ್ಕವು. ಅಂಕ ಹಾಕಿದ ಮೇಷ್ಟ್ರನ್ನು ಬಿಟ್ಟರೆ ಯಾರೂ ಓದಿಲ್ಲ. ಆನ್‌ಲೈನ್‌ಗೆ ಹಾಕೋಣ ಅನ್ನಿಸುತ್ತಿದೆ. ತಿದ್ದಬೇಕಾ, ಇದ್ದ ಹಾಗೇ ಹಾಕಬೇಕಾ? ಹಾಕಿ ಪೇಚಿಗೆ ಸಿಕ್ಕವರಿದ್ದರೂ ಹೇಳಿ.

ಉತ್ತರ 1:
ನಾನು ಹನ್ನೊಂದು ಹಾಕಿದ್ದೇನೆ. ಮೊದಲು ತಿದ್ದಲು ಕೂತೆ, ಅಲ್ಲೇ ಎಡವಿದ್ದು. ಒಂದು ಸಾಲು ಮುಟ್ಟಿದರೆ ಪಕ್ಕದ ಸಾಲು ಸುಮ್ನೆ ಇರುವುದಿಲ್ಲ. ಎರಡು ತಿಂಗಳಾದರೂ ಮೊದಲನೆಯದೇ ಮುಗಿಯಲಿಲ್ಲ. ಇಪ್ಪತ್ತರ ಹುಡುಗನ ಮಾತಿಗೆ ನಲವತ್ತರ ಗಂಟಲು ಬಂದುಬಿಟ್ಟಿತ್ತು. ಎಲ್ಲ ಅಳಿಸಿ ಮೂಲಕ್ಕೇ ಮರಳಿದೆ.

ಈಗ ಕಾಗುಣಿತ ಮಾತ್ರ ಸರಿ ಮಾಡುತ್ತೇನೆ. ಮೇಲೆ ನಾಲ್ಕು ಸಾಲು ಬರೆಯುತ್ತೇನೆ: ಯಾವ ವರ್ಷ, ಯಾವ ಪ್ರಶ್ನೆಗೆ ಬರೆದದ್ದು, ಇವತ್ತು ಯಾವ ಮಾತು ಒಪ್ಪುವುದಿಲ್ಲ. ಓದಿದವರು ಜಾಸ್ತಿ ಮಾತಾಡಿದ್ದು ಆ ನಾಲ್ಕು ಸಾಲಿನ ಬಗ್ಗೆಯೇ! ಆಕರಪಟ್ಟಿಯ ಕೊಂಡಿಗಳು ಅರ್ಧಕ್ಕರ್ಧ ಸತ್ತಿದ್ದವು. ಹಳೆಯ ವಿಳಾಸವನ್ನು ವೇಬ್ಯಾಕ್ ಮೆಷಿನ್ ಅನ್ನುವ ವೆಬ್‌ಸೈಟ್‌ಗೆ ಹಾಕಿ ನೋಡಿ. ಅದರಲ್ಲಿ 1996ರಿಂದಲೂ ವೆಬ್ ಪುಟಗಳ ಪ್ರತಿಗಳನ್ನು ಕೂಡಿಟ್ಟಿದ್ದಾರೆ, ನನಗೆ ಬಹಳಷ್ಟು ಸಿಕ್ಕವು.

ಉತ್ತರ 2:
ನಾನು ಪೇಚಿಗೆ ಸಿಕ್ಕವಳು. ನಾಲ್ವರು ಸೇರಿ ಬರೆದ ಪ್ರಬಂಧ ನನ್ನದೇ ಅಂದುಕೊಂಡು ಹಾಕಿದೆ. ಗೆಳತಿಯೊಬ್ಬಳು ಫೋನ್ ಮಾಡಿ, "ಎರಡನೇ ಭಾಗ ನಾನು ಬರೆದದ್ದಲ್ವಾ?" ಅಂದಳು. ನಿಜ. ಅವತ್ತೇ ತೆಗೆದೆ. ಅದಕ್ಕಿಂತ ಮುಜುಗರದ್ದು ಇನ್ನೊಂದಿತ್ತು. ಸಂದರ್ಶನ ಮಾಡಿ ಬರೆದ ಪ್ರಬಂಧದಲ್ಲಿ ನಾನು ಮಾತಾಡಿಸಿದವರ ಮನೆಯ ಜಗಳ, ಸಾಲ ಎಲ್ಲ ಹೆಸರು ಸಮೇತ ಇತ್ತು. ಅವರು ಮಾತಾಡಿದ್ದು ಕ್ಲಾಸಿಗೆ ಅಂತ, ಊರಿಗೆಲ್ಲ ಅಂತಲ್ಲ. ಅಂಥದ್ದಕ್ಕೆ ಮತ್ತೆ ಕೇಳಲೇಬೇಕು. ಕೇಳಲು ಆಗದಿದ್ದರೆ ಬಿಡಿ.

ಮುಖಪುಟದ ರೋಲ್ ನಂಬರ್ ತೆಗೆಯಿರಿ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ 'ಆಥರ್' ಅಂತ ಹೆಸರು ಕೂತಿರುತ್ತದೆ, ಅದನ್ನೂ ನೋಡಿ. ಮೇಷ್ಟ್ರ ಷರಾ ಅವರ ಬರಹ, ನಿಮ್ಮದಲ್ಲ.

ಉತ್ತರ 3:
ಕಾಗದದ ಪ್ರತಿ ಇದ್ದರೆ ಬರೀ ಫೋಟೋ ಹಿಡಿದು ಹಾಕಬೇಡಿ. ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ಓದಲು ಬರುವುದಿಲ್ಲ. ಓಸಿಆರ್ ಮಾಡಿ, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಸಾಫ್ಟ್‌ವೇರ್‌ನಿಂದ ಪಠ್ಯವಾಗಿಸಿ, ಆಮೇಲೆ ಮೂಲಕ್ಕೆ ಹೋಲಿಸಿ ಓದಿ. ಟೆಸರಾಕ್ಟ್ ಅನ್ನುವ ಓಸಿಆರ್ ಸಾಫ್ಟ್‌ವೇರ್‌ಗೆ ಕನ್ನಡವೂ ಗೊತ್ತು, ಆದರೆ ಒತ್ತಕ್ಷರದಲ್ಲಿ ಎಡವುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮೊದಲು ಪರಿವರ್ತಿಸಿ. ಇಲ್ಲದಿದ್ದರೆ ಓದುವವರಿಗೆ ಬರೀ ಚಿತ್ರವಿಚಿತ್ರ ಚಿಹ್ನೆಗಳು.

ಉತ್ತರ 4:
ಎಲ್ಲವನ್ನೂ ಹಾಕಬೇಡಿ ಅನ್ನುವವನು ನಾನು. ಮುಂದೆ ಬೆಳೆಸಿ ಪತ್ರಿಕೆಗೆ ಕಳಿಸುವ ಆಸೆ ಇರುವುದನ್ನು ಪಕ್ಕಕ್ಕಿಡಿ. ಆಗಲೇ ಪ್ರಕಟವಾದದ್ದು ಅಂತ ಎಷ್ಟೋ ಕಡೆ ತೆಗೆದುಕೊಳ್ಳುವುದಿಲ್ಲ. ಬೇರೆಯವರೂ ಬಳಸಿ ಹಂಚಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನೂ ಯೋಚಿಸಿ ಹಾಕಿ. ಒಮ್ಮೆ ಕೊಟ್ಟರೆ, ಆ ಪ್ರತಿ ಪಡೆದವರಿಂದ ಹಿಂದಕ್ಕೆ ಕಿತ್ತುಕೊಳ್ಳುವಂತಿಲ್ಲ. ಹುಡುಗರು ಕದ್ದು ಒಪ್ಪಿಸುತ್ತಾರೆ ಅನ್ನುವ ಭಯ ನನಗಿಲ್ಲ. ಎಲ್ಲರಿಗೂ ಕಾಣುವ ಕಡೆ ಇದ್ದರೆ ನಕಲು ಹಿಡಿಯುವವರಿಗೂ ಅದು ಸಿಗುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಪ್ರಾಪರ್ಟೀಸ್ ನೋಡುತ್ತಾ ಕೂತೆ. ಮೂರನೇ ಫೈಲ್‌ನ 'ಆಥರ್' ಜಾಗದಲ್ಲಿ ನನ್ನ ರೂಮ್‌ಮೇಟ್ ಹೆಸರು. ಆ ವರ್ಷ ಪೂರ್ತಿ ಅವನ ಕಂಪ್ಯೂಟರ್‌ನಲ್ಲೇ ಟೈಪ್ ಮಾಡಿದ್ದೆ ಅನ್ನುವುದೇ ಮರೆತುಹೋಗಿತ್ತು. ಮೊದಲು ಅವನಿಗೆ ಫೋನ್ ಮಾಡುತ್ತೇನೆ.