ಪ್ರಶ್ನೋತ್ತರ: ರೋಮಿನ ವಿರುದ್ಧ ಬಂಡೆದ್ದ ಅರಬ್ ರಾಣಿ ಮಾವಿಯಾ

ವಿದ್ಯಾರ್ಥಿನಿ: ಮೇಡಂ, ಯುದ್ಧದಲ್ಲಿ ಮೇಲುಗೈ ಸಾಧಿಸಿದ್ದ ಮಾವಿಯಾ, ಸಂಧಿಯ ಷರತ್ತಾಗಿ ಒಬ್ಬ ಸನ್ಯಾಸಿಯನ್ನು ತನ್ನ ಜನರ ಬಿಷಪ್ ಮಾಡಬೇಕೆಂದು ಕೇಳಿದ್ದೇಕೆ?

ಇತಿಹಾಸ ಅಧ್ಯಾಪಕಿ: ನನ್ನನ್ನೂ ಬಹಳ ಕಾಡಿದ ಪ್ರಶ್ನೆಯಿದು. ಕ್ರಿ.ಶ. 370ರ ದಶಕದಲ್ಲಿ ಗಂಡ ತೀರಿಕೊಂಡು, ರೋಮಿನೊಡನೆ ಇದ್ದ ಒಪ್ಪಂದ ಮುರಿದುಬಿದ್ದಾಗ, ಆಕೆಯ ಪಡೆ ಫಿನೀಷಿಯಾ, ಪ್ಯಾಲೆಸ್ಟೈನ್‌ಗಳನ್ನು ಸೂರೆಮಾಡುತ್ತ ಈಜಿಪ್ಟಿನತ್ತ ನುಗ್ಗಿತು. ಫಿನೀಷಿಯಾದ ರೋಮನ್ ದಳಪತಿ ನೆರವು ಬೇಡಿದ್ದಕ್ಕೆ ಅವನನ್ನು ಹಂಗಿಸಿ, ದೂರ ನಿಲ್ಲಲು ಹೇಳಿ, ತಾನೊಬ್ಬನೇ ಹೋರಾಡಲು ಹೋದ ಪೂರ್ವ ಪ್ರಾಂತ್ಯದ ಮಹಾಸೇನಾಪತಿ ಬೆನ್ನು ತೋರಿಸಿ ಓಡಿಬರಬೇಕಾಯಿತು. ಕೊನೆಗೆ ಬಾಣ ಬಿಟ್ಟು ಅವನ ಜೀವ ಉಳಿಸಿದವನು ಅದೇ ದಳಪತಿ. ಇನ್ನು ಸನ್ಯಾಸಿಯ ವಿಷಯ. ರೋಮನ್ ಚಕ್ರವರ್ತಿ ವೇಲೆನ್ಸ್, ಕ್ರಿಸ್ತನು ತಂದೆಯಾದ ದೇವರಿಗೆ ಸಮಾನನಲ್ಲವೆನ್ನುವ ಏರಿಯನ್ ಪಂಥದವನು. ಮಾವಿಯಾ ಆರಿಸಿದ ಮೋಸೆಸ್ ಅದನ್ನು ಒಪ್ಪದವನು. ಅಲೆಕ್ಸಾಂಡ್ರಿಯಾದ ಏರಿಯನ್ ಬಿಷಪ್ ಲೂಸಿಯಸ್‌ನಿಂದ ದೀಕ್ಷೆ ಪಡೆಯಲು ನಿರಾಕರಿಸಿ, ಗಡೀಪಾರಾಗಿದ್ದ ಬಿಷಪ್‌ಗಳಿಂದಲೇ ಪಡೆದನು. ತನ್ನ ಜನರ ಗುರುಪೀಠದಲ್ಲಿ ಚಕ್ರವರ್ತಿಯ ಕಡೆಯವನು ಕೂರಬಾರದೆಂಬ ಹಟ ಭಕ್ತಿಯಷ್ಟೇ ರಾಜಕಾರಣವೂ ಹೌದೆಂದು ನಾನು ತಿಳಿದಿದ್ದೇನೆ.

ನಿವೃತ್ತ ಬ್ಯಾಂಕ್ ಉದ್ಯೋಗಿ: ಈ ರಾಣಿಗೆ ಚಿನ್ನದ ಸರಪಳಿ ತೊಡಿಸಿ ರೋಮಿನಲ್ಲಿ ಮೆರವಣಿಗೆ ಮಾಡಿದರೆಂಬ ಸಂದೇಶ ಬಂದಿದೆ. ನಿಜವೇ?

ಅಧ್ಯಾಪಕಿ: ಆ ಕಥೆ ಸಿರಿಯಾದ ಪಾಲ್ಮೈರಾ ನಗರದ ರಾಣಿ ಜೆನೋಬಿಯಾಳದು. ಆಕೆ ರೋಮನ್ ಚಕ್ರವರ್ತಿ ಆರೇಲಿಯನ್‌ಗೆ ಸೋತದ್ದು 272ರಲ್ಲಿ.

ಗೃಹಿಣಿ: ಮಾವಿಯಾ ಯಾವ ಭಾಷೆ ಆಡುತ್ತಿದ್ದಳು?

ವಕೀಲರು: ಮಗಳನ್ನು ರೋಮನ್ ಸೇನಾಪತಿ ವಿಕ್ಟರ್‌ಗೆ ಕೊಟ್ಟದ್ದು ಶರಣಾಗತಿಯಲ್ಲವೇ?

ಶಾಲಾ ಶಿಕ್ಷಕರು: ಹೆಣ್ಣು ಕೊಟ್ಟವರೆಲ್ಲ ಸೋತವರೇ? ವಿಕ್ಟರ್ ಹುಟ್ಟಿನಿಂದ ರೋಮನ್ನನೂ ಅಲ್ಲ, ಕಪ್ಪು ಸಮುದ್ರದ ಉತ್ತರದ ಸಾರ್ಮೇಷಿಯನ್ ಬುಡಕಟ್ಟಿನವನು.

ವಕೀಲರು: ಹುಟ್ಟು ಯಾವುದಾದರೇನು, ಉಂಡದ್ದು ಚಕ್ರವರ್ತಿಯ ಅನ್ನ.

ಶಾಲಾ ಶಿಕ್ಷಕರು: 378ರ ಆಗಸ್ಟ್ 9ರಂದು ಆಡ್ರಿಯಾನೋಪಲ್‌ನಲ್ಲಿ ಜರ್ಮಾನಿಕ್ ಬುಡಕಟ್ಟಿನ ಗಾಥರ ಎದುರು ವೇಲೆನ್ಸ್ ಸತ್ತ ಮೇಲೆ, ಪೂರ್ವದ ರಾಜಧಾನಿ ಕಾನ್‌ಸ್ಟಾಂಟಿನೋಪಲನ್ನು ಕಾಯಲು ಮಾವಿಯಾಳ ಅರಬರೇ ಬೇಕಾದರು. ಓದಿಕೊಂಡು ವಾದಿಸಿ.

ವಕೀಲರು: ಪಾಠವನ್ನು ತಮ್ಮ ತರಗತಿಗೆ ಇಟ್ಟುಕೊಳ್ಳಿ.

ಅಧ್ಯಾಪಕಿ: ಇಬ್ಬರೂ ಸಾಕು ಮಾಡಿ. ಲಂಗೋಟಿಯೊಂದನ್ನೇ ಉಟ್ಟಿದ್ದ ಉದ್ದಗೂದಲಿನ ಅರಬನೊಬ್ಬ ತಾನು ಕೊಂದ ಗಾಥನ ಕೊರಳಿಗೆ ಬಾಯಿಟ್ಟು ರಕ್ತ ಹೀರಿದ್ದನ್ನು ಕಂಡು ಶತ್ರುಗಳು ಎದೆಗುಂದಿದರೆಂದು ಸಮಕಾಲೀನ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಶರಣಾದವರ ಪಡೆಯಂತೆ ನನಗಂತೂ ಕಾಣುವುದಿಲ್ಲ.

ಇನ್ನೊಬ್ಬ ಸದಸ್ಯರು: ಚಿನ್ನದ ಸರಪಳಿಯ ಚಿತ್ರ ನನಗೂ ಬಂದಿದೆ, ಮೇಡಂ. ಮಾವಿಯಾಳೇ ತಾನೇ?

ಅಧ್ಯಾಪಕಿ: ಅಲ್ಲ. ಮೇಲೆ ಉತ್ತರಿಸಿದ್ದೇನೆ. ಬಂದದ್ದನ್ನೆಲ್ಲ ಹಂಚುವ ಮೊದಲು ಶತಮಾನವನ್ನಾದರೂ ನೋಡಿ. ವಿದ್ಯಾರ್ಥಿಗಳು ಇದನ್ನೇ ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಗೃಹಿಣಿ: ನನ್ನ ಪ್ರಶ್ನೆ ಹಾಗೆಯೇ ಉಳಿಯಿತು.